ದೊಡ್ಡವ್ವನ ತಾಮ್ರದ ಚೆಂಬು

ಮೊನ್ನೆ ಹುಣಸೆಹಣ್ಣು ಹಚ್ಚಿ ಹಳೆಯ ತಾಮ್ರದ ಚೆಂಬು ಉಜ್ಜುತ್ತಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡವ್ವ ನೆನಪಾದಳು. ಚೆಂಬು ಅವಳದು.

ಆಗ ಮಹಾರಾಜರ ಕಾಲ. ಹದಿನಾರು ಎಂಬ ನಮ್ಮೂರಿಗೆ ವಾಂತಿಭೇದಿ ಹೊಕ್ಕು ನಮ್ಮ ಬೀದಿಯಲ್ಲೇ ಮೂರು ಹೆಣ ಬಿದ್ದಿದ್ದವು. ನಾನು ಚೊಚ್ಚಲ ಬಾಣಂತಿ. ನಂಜನಗೂಡಿನಿಂದ ಸರ್ಕಾರದವನೊಬ್ಬ ಬಂದು ಬೀದಿಯ ಬಾವಿಗೆ ಔಷಧಿ ಸುರಿದ, ನೀರೆಲ್ಲ ಕೆಂಪಾಯಿತು. ವಿಷ ಹಾಕಿದ್ದಾರೆಂದು ಗುಲ್ಲೆದ್ದು ಯಾರೂ ಹಗ್ಗ ಇಳಿಸಲಿಲ್ಲ. ಎಲ್ಲರೂ ಕೊಡ ಎತ್ತಿಕೊಂಡು ಹಳ್ಳಕ್ಕೆ ಹೋದರು. ಸತ್ತವರ ಬಟ್ಟೆ ಒಗೆದದ್ದೂ ಅದೇ ಹಳ್ಳದಲ್ಲಿ! ಅತ್ತೆ ಆ ನೀರನ್ನೇ ತಂದು ಮುಂದಿಟ್ಟಾಗ ಮಡಿಲ ಕೂಸನ್ನು ನೋಡಿ ನನಗೆ ಭಯವಾಯಿತು.

ಮಾರನೆಯ ದಿನವೇ ನನ್ನ ಗಂಗೆಪೂಜೆ. ಬಾಣಂತಿ ಬಾವಿಗೆ ಅರಿಸಿನ ಕುಂಕುಮ ಬಿಟ್ಟು ಮೊದಲ ಕೊಡ ಸೇದಬೇಕು. ಈ ಸಲ ಹಳ್ಳದ ದಡದಲ್ಲೇ ಮುಗಿಸೋಣವೆಂದರು ಅತ್ತೆ. ದೊಡ್ಡವ್ವ ಗಂಡ ಸತ್ತವಳು, ಪೂಜೆಯ ಹತ್ತಿರ ಬರುವಂತಿರಲಿಲ್ಲ. ದೂರದಲ್ಲಿ ನಿಂತೇ ಬಾಯಿ ಮಾಡಿದಳು.

"ಕೂಸುಟ್ದಾಗ್ಲೆಲ್ಲ ಕುಂಕುಮ ಬಿಟ್ಟು ಕೆಂಪ್ ಮಾಡಿ ಕುಡಿಯಕಿಲ್ವಾ? ಇವತ್ ಮಾತ್ರ ವಿಸ ಆಗೋಯ್ತಾ? ನೀ ಸೇದು ಮಗಾ, ಮೊದ್ಲು ನಾನ್ ಕುಡೀತೀನಿ!"

ಸೇದಿ ಅವಳ ಚೆಂಬಿಗೆ ಹುಯ್ದೆ. ಎಲ್ಲರ ಕಣ್ಣೆದುರೇ ಗಟಗಟ ಕುಡಿದಳು. ಜನ ಮಾತ್ರ, "ನಾಳಿಕ್ ನೋಡವ, ಇವ್ಳು ಉಳ್ಕಂಡ್ರೆ ಸೇದವ" ಎಂದು ಚದುರಿದರು. ಅವಳು ಚೆಂಬನ್ನು ನಮ್ಮ ಜಗುಲಿಯ ಮೇಲಿಟ್ಟು ಮರೆತೇ ಹೋದಳು.

ಮುಸ್ಸಂಜೆಗೆ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕಣ್ಣು ಗುಳಿಬಿದ್ದಿತ್ತು.

"ನಂಗೂ ವಾಂತಿಬೇದಿ ಸುರುವಾಗದೆ ಕಣ್ ಮಗಾ. ನೆನ್ನೆ ಅಳ್ಳದ್ ನೀರ್ ಕುಡ್ದಿದ್ದೆ, ಅದ್ರದ್ದೇಯ. ನಾನಿಲ್ಲೇ ಸತ್ರೆ ತಪ್ಪು ಬಾವಿ ಮ್ಯಾಲ್ ಬತ್ತದೆ. ಒಲದ್ ಗುಡಿಸ್ಲಿಗೆ ಓಯ್ತೀನಿ. ಯಾರಾರ ಕೇಳಿದ್ರೆ, ಗಟ್ಟಿಯಾಗವ್ಳೆ, ಸುತ್ತೂರಿಗೆ ಓದ್ಲು ಅನ್ನು."

ಕೂಸನ್ನು ಅವುಚಿಕೊಂಡು ನಾನು ಹೊಸ್ತಿಲ ಒಳಗೇ ನಿಂತಿದ್ದೆ...

ಬೆಳಿಗ್ಗೆ ಅವಳಂದಂತೆಯೇ ಹೇಳಿದೆ. ಜನ ನಂಬಿ ಬಾವಿಗೆ ಹಗ್ಗ ಇಳಿಸಿದರು. ಆಮೇಲೆ ನಮ್ಮ ಬೀದಿಯಲ್ಲಿ ಯಾರೂ ಸಾಯಲಿಲ್ಲ. ಎಂಟು ದಿನದ ಮೇಲೆ ಗುಡಿಸಲಲ್ಲಿ ಅವಳ ಹೆಣ ಸಿಕ್ಕಾಗ, ಸುತ್ತೂರಿನಿಂದ ಬರುತ್ತ ಅಲ್ಲಿ ಮಲಗಿದ್ದಳೇನೋ, ಹಾವು ಮುಟ್ಟಿರಬೇಕು ಎಂದರು. ನಾನೂ ಹೂಂಗುಟ್ಟಿದೆ.

ಆ ಕೂಸಿಗೆ ಈಗ ಮೊಮ್ಮಕ್ಕಳು. ಚೆಂಬು ಬೆಳಗಿ, ನೀರು ತುಂಬಿ, ಒಲೆಯ ಪಕ್ಕ ಇಟ್ಟೆ. ಆ ಕಾಯಿಲೆಯಲ್ಲಿ ಬಾಯಾರಿಕೆ ಹೇಳತೀರದು. ಅಂದು ಬಾಗಿಲಲ್ಲಿ ನಿಂತಿದ್ದವಳ ಕೈಗೆ ಇದನ್ನು ತುಂಬಿ ಕೊಡಬಹುದಿತ್ತು. ನನ್ನ ಕೂಸಿಗೆ ಅಂಟೀತೆಂದು ನಾನು ಕೊಡಲಿಲ್ಲ.