ತಡಮೆ ದಾಟಿ ಬಂದ ಬೈಗುಳ

ಸಣ್ಣವನಿರುವಾಗ ನನಗೆ ಬೈಯಲು ಊರಿಡೀ ಜನ ಇದ್ದರು. ಪುಂಜಾಲಕಟ್ಟೆಯಲ್ಲಿ ಬಸ್ಸಿನ ಹಿಂದಿನ ಏಣಿಗೆ ನೇತಾಡಿದರೆ ಆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತಿತ್ತು. ಯಾರು ಹೇಳಿದ್ದು ಎಂದು ಕೇಳಿ ಪ್ರಯೋಜನ ಇರಲಿಲ್ಲ. ಯಾರೂ ಆಗಿರಬಹುದು.

ಶಾಲೆಗೆ ಹೋದದ್ದು ಆರನೇ ಕ್ಲಾಸಿನವರೆಗೆ. ಆಮೇಲೆ ಕಲ್ಲು ಹೊರಲು ಹೋದೆ, ಕಟ್ಟಲು ಕಲಿತೆ, ಮೇಸ್ತ್ರಿಯಾದೆ. ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ನಾನು ಕಟ್ಟಿದ ಕೆಂಪುಕಲ್ಲಿನ ಗೋಡೆಗಳುಂಟು, ಒಂದೂ ವಾಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದು ಯಾರು ಎಂದು ಯೋಚಿಸಿದರೆ ಅಮ್ಮನ ಜೊತೆಗೇ ಇನ್ನೊಬ್ಬರು ಕಣ್ಣ ಮುಂದೆ ಬರುತ್ತಾರೆ, ಆಚೆ ಮನೆಯ ಉಮ್ಮ.

ಆಚೆ ಮನೆ ಬ್ಯಾರಿಗಳದ್ದು, ನಮ್ಮ ಕಡೆಯ ಮುಸಲ್ಮಾನರು; ಅವರಲ್ಲಿ ಅಮ್ಮನಿಗೆ ಉಮ್ಮ ಎನ್ನುತ್ತಾರೆ. ನಮ್ಮಿಬ್ಬರ ಜಾಗದ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲಿ ಒಂದು ತಡಮೆ. ಗೋಡೆಯನ್ನು ಅಲ್ಲಿ ತಗ್ಗಿಸಿ ಆಚೆ ಈಚೆ ಒಂದೊಂದು ಕಲ್ಲು ಇಟ್ಟದ್ದು ಅಷ್ಟೆ. ದನ ನುಗ್ಗುವುದಿಲ್ಲ, ಮನುಷ್ಯ ಕಾಲೆತ್ತಿ ದಾಟಬಹುದು. ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೊರಟರೆ ನನ್ನನ್ನು ತಡಮೆಯ ಮೇಲೆ ನಿಲ್ಲಿಸಿ, "ಓಯ್, ಇವನನ್ನು ನೋಡಿಕೊಳ್ಳಿ" ಎಂದು ಕೂಗಿ ಹೋಗುತ್ತಿದ್ದರು. ಆಚೆಯಿಂದ ಉತ್ತರ ಬರುವವರೆಗೆ ಕಾಯುತ್ತಲೂ ಇರಲಿಲ್ಲ.

ಉಮ್ಮನ ಮಗನೂ ನಾನೂ ಒಂದೇ ಪ್ರಾಯ. ಒಂದೇ ಬಟ್ಟಲಿನಿಂದ ಅಕ್ಕಿರೊಟ್ಟಿ ತಿಂದು ಬೆಳೆದವರು. ಜಗಳವಾಡಿದರೆ ಇಬ್ಬರಿಗೂ ಸಮ ಪೆಟ್ಟು. ಆದರೆ ಸೋಮವಾರ ಮಾತ್ರ ಅವನಿಗೆ ಬಂಗುಡೆ, ನನಗೆ ಬರೀ ತಿಳಿಸಾರು. ಸೋಮವಾರ ನನ್ನ ಅಮ್ಮ ಒಪ್ಪೊತ್ತು, ಮನೆಯಲ್ಲಿ ಮೀನು ಇಲ್ಲ. ನಾನು ಉಮ್ಮನ ಅಡಿಗೆಕೋಣೆಯ ಬಾಗಿಲಲ್ಲಿ ಕೂತು, ಅಮ್ಮನಿಗೆ ಗೊತ್ತಾಗುವುದಿಲ್ಲ, ಒಂದು ತುಂಡು ಕೊಡಿ ಎಂದು ಅಳುತ್ತಿದ್ದೆ.

"ನನಗೆ ಗೊತ್ತಾಗ್ತದಲ್ಲ ಮೋನೇ" ಎನ್ನುತ್ತಿದ್ದರು ಉಮ್ಮ. ಮೋನೇ ಅಂದರೆ ಮಗನೇ, ನನ್ನನ್ನೂ ಹಾಗೆಯೇ ಕರೆಯುವುದು. "ನಿನ್ನ ಅಮ್ಮನ ಮುಖ ನಾನು ಹೇಗೆ ನೋಡುವುದು? ನಾಳೆ ಬಾ."

ಮರುದಿನ ನನ್ನ ಪಾಲಿನ ತುಂಡು ಮುಚ್ಚಿಟ್ಟಿರುತ್ತಿತ್ತು. ಯಾರೂ ನೋಡದಿದ್ದರೂ ಮಾಡಬಾರದ್ದು ಒಂದುಂಟು, ಕಾದರೆ ಸಿಗುವುದೂ ಒಂದುಂಟು ಎಂದು ನಾನು ತಿಳಿದದ್ದು ಆ ಬಾಗಿಲಲ್ಲಿ.

ಈಗ ಅಮ್ಮ ಇಲ್ಲ. ನನಗೆ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಮನೆ ಬಾಗಿಲಿಗೆ ವ್ಯಾನ್ ಬರುತ್ತದೆ, ಶಾಲೆಗೆ ಹೋಗುತ್ತಾನೆ. ಅದೇ ವ್ಯಾನಿನಲ್ಲಿ ಬಂದು ಸೋಫಾದ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾನೆ. ಹೊರಗಿನವರು ಮಾತಾಡಿಸಿದರೆ ತಾಯಿಯ ಸೀರೆಯಲ್ಲಿ ಮುಖ ಮುಚ್ಚುತ್ತಾನೆ. "ಹುಷಾರಿದ್ದಾನೆ, ಆದರೆ ಯಾರ ಜೊತೆಯೂ ಸೇರುವುದಿಲ್ಲ" ಎಂದು ಅವನ ಟೀಚರು ಹೇಳಿ ಕಳಿಸಿದರು. ಸೊಸೆ ಆ ದಿನ ಊಟ ಮಾಡಲಿಲ್ಲ. ಅವಳನ್ನು ದೂರುವ ಹಾಗಿಲ್ಲ. ಮಗ ಕೆಲಸದಿಂದ ಬರುವಾಗ ರಾತ್ರಿ. ಹೊಲಿಗೆಯ ಕೆಲಸ, ಮನೆ ಕೆಲಸ, ಮಗುವಿನ ಪಾಠ, ಎಲ್ಲಾ ಅವಳೊಬ್ಬಳೇ. ನನ್ನ ಅಮ್ಮನಿಗೆ ಕೂಗಿ ಹೇಳಲು ಒಂದು ತಡಮೆ ಇತ್ತು. ಇವಳು ಯಾರನ್ನು ಕೂಗಬೇಕು?

ಆ ಹೊತ್ತಿಗೇ ಉಮ್ಮನ ಮಗ, ನನ್ನ ಗೆಳೆಯ, ಗಲ್ಫಿನ ಕೆಲಸ ಬಿಟ್ಟು ಬಂದ. ಹಳೇ ಮನೆ ತೆಗೆದು ಹೊಸತು ಕಟ್ಟಿಸಿದ. ಅದಾದ ಮೇಲೆ ಕಾಂಪೌಂಡು.

"ನೀನೇ ಕಟ್ಟಬೇಕು ಮಾರಾಯ. ಬೇರೆಯವರು ಕಟ್ಟಿದ್ದು ನಿನಗೆ ಸರಿ ಕಾಣುವುದಿಲ್ಲ, ದಿನಾ ಬೆಳಿಗ್ಗೆ ಅದನ್ನು ನೋಡಿ ನನಗೆ ಬೈತಿ" ಅಂದ.

ಕಟ್ಟಿದೆ. ಮಣ್ಣಿನ ಗೋಡೆ ಕೆಡವಿ, ಅಡಿಪಾಯಕ್ಕೆ ಪಂಚಾಂಗ ಹಾಕಿ, ಕಲ್ಲಿನ ಮೇಲೆ ಕಲ್ಲು ಏರಿಸುತ್ತಾ ಬಂದೆ. ತಡಮೆ ಇದ್ದ ಜಾಗ ಬಂದಾಗ ಕೈ ನಿಂತಿತು. ಅಲ್ಲಿ ಎರಡು ವರಸೆ ಕಲ್ಲಷ್ಟೇ ಇಟ್ಟು ಮುಂದಿನ ಭಾಗ ಶುರು ಮಾಡಿದೆ. ಸಂಜೆ ಗೆಳೆಯ ಬಂದು ನೋಡಿದ.

"ಇದೇನು ಮೇಸ್ತ್ರಿಗಳೇ, ಕಲ್ಲು ಕಮ್ಮಿ ಬಿತ್ತಾ?"

"ದಾರಿ ಬಿಟ್ಟದ್ದು."

"ಅಷ್ಟು ದೊಡ್ಡ ಗೇಟು ಹಾಕಿಸಿದ್ದೇನಲ್ಲ, ಅದರಲ್ಲಿ ಬಂದರೆ ಆಗುವುದಿಲ್ಲವಾ?"

"ಗೇಟಿನಲ್ಲಿ ಬರುವುದು ನೆಂಟರು" ಅಂದೆ.

ಅವನು ನಕ್ಕ. "ನೀನೂ ನಿನ್ನ ಅಮ್ಮನೂ ಒಂದೇ ಹಟ. ಸಣ್ಣವನಿರುವಾಗ ನೋಂಬಿನ ದಿನ ಉಪವಾಸದಲ್ಲಿ ಬಾಯಿ ಒಣಗಿ ನಿಮ್ಮ ಬಾವಿಯ ಹತ್ತಿರ ಬಂದರೆ ಒಂದು ಲೋಟ ನೀರು ಕೊಡಲಿಲ್ಲ ಆ ಹೆಂಗಸು. ಉಮ್ಮನಲ್ಲಿ ಕೇಳಿ ಬಾ ಅಂದರು!"

ಜಗಲಿಯ ಕುರ್ಚಿಯಲ್ಲಿ ಉಮ್ಮ ಕೂತಿದ್ದರು. ಈಗ ಮಂಡಿ ಬಾಗುವುದಿಲ್ಲ, ಬಾಯಿ ಮಾತ್ರ ಮೊದಲಿನದ್ದೇ. "ವೀಳ್ಯದೆಲೆಯ ಬಳ್ಳಿ ಅವರ ಕಡೆ ಉಂಟು. ಎಲೆ ಬೇಕಾದರೆ ನಿನ್ನ ಗೇಟು ಸುತ್ತಿ ಹೋಗಲಾ ನಾನು? ಅವನು ಬಿಟ್ಟದ್ದು ಸರಿ" ಅಂದರು. ನಾನು ಎರಡೂ ಕಡೆ ಮೆಟ್ಟಿಲು ಕೂರಿಸಿದೆ. ದೊಡ್ಡವರ ಕಾಲಿಗೆ ಅದು ತೀರಾ ಗಿಡ್ಡ, ಎಡವಬೇಕು. ಬೇಕೆಂದೇ ಹಾಗೆ ಮಾಡಿದ್ದು. ಮೊಮ್ಮಗನ ಮೊಣಕಾಲಿನ ಎತ್ತರ ನನ್ನ ಮನಸ್ಸಿನಲ್ಲಿತ್ತು.

ಆದರೆ ಯಾರೂ ದಾಟಲಿಲ್ಲ. ಎಲೆ ಕೊಯ್ಯಲು ಉಮ್ಮನಿಂದ ಆಗುವುದಿಲ್ಲ, ನಾನೇ ಕೊಯ್ದು ತಡಮೆಯ ಈಚೆ ನಿಂತು ಕೊಟ್ಟೆ. ಹುಡುಗ ಕಿಟಕಿಯಿಂದ ಮೆಟ್ಟಿಲು ನೋಡಿದ, ಮತ್ತೆ ಮೊಬೈಲಿಗೆ ತಿರುಗಿದ. ಕರೆದರೆ ಬರುವುದಿಲ್ಲ. ಎಳೆದುಕೊಂಡು ಹೋಗಲು ನನಗೆ ಮನಸ್ಸಿಲ್ಲ. ನನ್ನನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆಯುವಾಗ ದಿನಾ ಆ ಮೆಟ್ಟಿಲು ನೋಡುತ್ತಿದ್ದೆ. ಅದರ ಮೇಲೆ ಪಾಚಿ ಕಟ್ಟಿದರೆ ನನ್ನ ಅಮ್ಮನೂ ನನ್ನ ಬಾಲ್ಯವೂ ಪೂರಾ ಹೋದ ಹಾಗೆಯೇ ಎಂದು ಅನಿಸುತ್ತಿತ್ತು.

ಬೇಸಗೆ ರಜೆ ಬಂತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಹುಡುಗ ಜೋರಾಗಿ ಅಳುತ್ತಿದ್ದಾನೆ, ಸೊಸೆಯ ಮುಖ ಕೆಂಪು.

"ಮಾವ, ಆಚೆ ಮನೆಯ ಅಜ್ಜಿ ಇವನಿಗೆ ಬೈದರಂತೆ. ಕಿವಿ ಹಿಂಡಿದರಂತೆ! ನಾವೇ ಇವನಿಗೆ ಕೈ ಮಾಡಿದವರಲ್ಲ."

"ಇವನು ಅಲ್ಲಿಗೆ ಹೋದದ್ದು ಹೇಗೆ?"

"ಬೆಕ್ಕಿನ ಮರಿ ಓಡಿತಂತೆ, ಅದರ ಹಿಂದೆ."

"ತಡಮೆ ದಾಟಿಯಾ?"

ಸೊಸೆ ನನ್ನನ್ನೇ ನೋಡಿದಳು. "ಮಾವ, ನೀವು ನಗ್ತೀರಾ?"

ನಗು ಬಂದದ್ದು ಹೌದು, ಅದನ್ನು ನುಂಗಲು ಆಗಲಿಲ್ಲ. ನನಗೆ ಬೈದ ಬಾಯಿ ಇವನಿಗೂ ಬೈದಿದೆ. ಅದು ಎಷ್ಟು ದೊಡ್ಡ ಸಂಗತಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? "ಊಟ ಆಮೇಲೆ, ಹೋಗಿ ಬರುವ, ನೀನೂ ಬಾ" ಎಂದು ಹುಡುಗನ ಕೈ ಹಿಡಿದೆ.

ಉಮ್ಮನ ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಅದರ ನಡುವೆ ಸಾಲಾಗಿ ಸಣ್ಣ ಸಣ್ಣ ಮಣ್ಣಿನ ಹೆಜ್ಜೆ. ಸೊಸೆ ಅದನ್ನು ನೋಡಿದಳು, ಮಗನ ಕಾಲನ್ನೂ ನೋಡಿದಳು.

"ಬಂದನಾ ಕಳ್ಳ?" ಅಂದರು ಉಮ್ಮ. "ಮೊದಲು ಕಾಲು ತೊಳಿ. ನಿನ್ನ ಅಜ್ಜನೂ ಹೀಗೇ ತುಳಿದವನು."

ಹುಡುಗ ಅಳು ನಿಲ್ಲಿಸಿ ನನ್ನ ಮುಖ ನೋಡಿದ. ಅಜ್ಜನೂ ಬೈಗುಳ ತಿಂದವನು ಎಂಬುದು ಅವನಿಗೆ ಹೊಸ ವಿಷಯ. ತಾನೇ ನಳ್ಳಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಬಂದು ಜಗಲಿಯಲ್ಲಿ ಉಮ್ಮನ ಕಾಲ ಬಳಿ ಕೂತ. ಒಳಗಿನಿಂದ ಎಣ್ಣೆಯಲ್ಲಿ ಬಂಗುಡೆ ಕಾಯಿಸಿದ ಪರಿಮಳ ಬರುತ್ತಿತ್ತು. ಅವನು ಮೂಗು ಅರಳಿಸಿದ.

ಉಮ್ಮ ಒಳಗೆ ಕೂಗಲು ಬಾಯಿ ತೆರೆದವರು ತಡೆದು ನನ್ನ ಕಡೆ ತಿರುಗಿದರು.

"ಇವತ್ತು ಸೋಮವಾರ ಅಲ್ಲವಾ ಮೋನೇ? ಇವನಿಗೆ ಮೀನು ಕೊಡಬಹುದಾ?"

ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಸೋಮವಾರ ಎಂದು ಯಾರೂ ನೋಡುವುದಿಲ್ಲ. ಮೀನು ಸಿಕ್ಕಿದ ದಿನ ಮಗ ತರುತ್ತಾನೆ, ಸೊಸೆ ಮಾಡುತ್ತಾಳೆ, ನಾನೂ ತಿನ್ನುತ್ತೇನೆ. ನಮ್ಮಲ್ಲಿ ಎಂದೋ ಬಿಟ್ಟುಹೋದ ಅಮ್ಮನ ವಾರವನ್ನು ಈ ಹೆಂಗಸು ಇಷ್ಟು ವರ್ಷ ಇಟ್ಟುಕೊಂಡಿದ್ದರು.

"ಬೇಡ ಉಮ್ಮ" ಅಂದೆ. "ನಾಳೆ ಬರ್ತಾನೆ."