ಲೋಕದ ಹಸಿವೂ ನಮ್ಮ ಶೈಲಕ್ಕನೂ

ಇವತ್ತು ಬೆಳಿಗ್ಗೆ ಮುಳಬಾಗಿಲಿನಿಂದ ಬರುತ್ತಿದ್ದಾಗ ಬಸ್ಸಿನ ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ರಸ್ತೆ ಪಕ್ಕ ಯಾರೋ ಟೊಮೇಟೊ ಸುರಿದು ಹೋಗಿದ್ದರು. ರೇಟು ಬಿದ್ದಾಗ ನಮ್ಮ ಕಡೆ ಇದು ಮಾಮೂಲು. ಬಸ್ಸಿನವರೆಲ್ಲ ಮೂಗಿಗೆ ಕರ್ಚೀಫು ಹಿಡಿದರು. ಕಂಡಕ್ಟರು ಮೂಗು ಹಿಡಿದುಕೊಂಡೇ "ಟಿಕೇಟ್, ಟಿಕೇಟ್" ಅಂದ. ಕೋಲಾರ ಬರುವಷ್ಟರಲ್ಲಿ ನಾನು ಆ ದನಿಯನ್ನು ಕಲಿತುಬಿಟ್ಟಿದ್ದೆ. ಏನು ಮಾಡುವುದು, ಯಾರನ್ನು ಕಂಡರೂ ಅವರ ಹಾಗೆ ಮಾಡಿ ತೋರಿಸದಿದ್ದರೆ ನನಗೆ ಅನ್ನ ಅರಗುವುದಿಲ್ಲ. ನನ್ನ ಸ್ವಂತ ದನಿ ಯಾವುದು ಅಂತ ಮಾತ್ರ ಕೇಳಬೇಡಿ, ಹುಡುಕಬೇಕು.

ಆ ವಾಸನೆಗೆ ನನಗೆ ನೆನಪಾಗುವುದು ಶೈಲಕ್ಕ, ದೊಡ್ಡಪ್ಪನ ಮಗಳು. ವಕ್ಕಲೇರಿಯಲ್ಲಿ ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಓದು ಮುಗಿಸಿ ಅವಳು ಕೋಲಾರದ ಒಂದು ಸಂಸ್ಥೆ ಸೇರಿದಳು. ಮಾರಾಟವಾಗದೆ ಉಳಿದ ತರಕಾರಿಯನ್ನು ಕೊಳೆಯುವ ಮುಂಚೆ ಹಾಸ್ಟೆಲ್ಲುಗಳಿಗೆ ಮುಟ್ಟಿಸುವ ಕೆಲಸ. ಅಷ್ಟಕ್ಕೇ ನಿಂತರೆ ಅವಳು ಶೈಲಕ್ಕ ಹೇಗಾಗುತ್ತಾಳೆ? ಹಾಸ್ಟೆಲ್ಲಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ದೇಶಕ್ಕೆ ಹೋಗಿ, ಕೊನೆಗೆ ಇಡೀ ಭೂಮಂಡಲದ ಹಸಿವಿಗೇ ಕೈ ಹಾಕಿದಳು. ಯಾವ್ಯಾವುದೋ ದೇಶದವರ ಜೊತೆ ಲ್ಯಾಪ್‌ಟಾಪಿನಲ್ಲಿ ಮೀಟಿಂಗು. ಗೋಡೆಯ ಈಚೆ ಕೂತು ನಾನು ಅವಳ ಇಂಗ್ಲಿಷನ್ನೂ, ಅದರ ನಡುವೆ ಅವಳು ಕೂಗುವ "ಅಮ್ಮಾ, ಹಾಲಿನ ಕ್ಯಾನ್ ಮುಚ್ಚಳ ಮರೆತೆ!" ಅನ್ನುವುದನ್ನೂ ಕಲಿತು, ಡೈರಿ ಮುಂದೆ ಹಾಲು ಹಾಕಲು ನಿಂತವರಿಗೆ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಅವಳೇ ನೋಡಿ ನಕ್ಕು, "ಲೇ, ನಡುವೆ ನಾನು ಕೆಮ್ಮೋದನ್ನ ನೀನು ಬಿಟ್ಬಿಟ್ಟೆ ಕಣೋ" ಅಂತ ತಿದ್ದಿದ್ದಳು.

ಆಮೇಲೆ ಆ ನಗು ಕಡಿಮೆಯಾಯಿತು, ಅದರ ಹಿಂದೆಯೇ ಊಟವೂ. ಮುದ್ದೆ ಮುರಿಯುತ್ತಾಳೆ, ಸಾರಿಗೆ ಅದ್ದುತ್ತಾಳೆ, ಬಾಯಿ ಹತ್ತಿರ ತಂದು ನಿಲ್ಲಿಸುತ್ತಾಳೆ. "ಇದು ಯಾರ ಪಾಲೋ" ಅಂತ ತನಗೆ ತಾನೇ ಅಂದುಕೊಂಡು ಕೆಳಗಿಡುತ್ತಾಳೆ. ಕೈಬಳೆ ಮೊಣಕೈವರೆಗೆ ಜಾರತೊಡಗಿತು. ದೊಡ್ಡಮ್ಮ ಸಂಕಟವಾದರೆ ತೆಲುಗಿಗೆ ಜಾರುವವರು: "ಕೊಂಚೆಂ ತಿನವೇ ತಲ್ಲೀ", ಒಂಚೂರು ತಿನ್ನೇ ತಾಯಿ, ಅಂತ ತಟ್ಟೆ ಹಿಡಿದು ಹಿಂದೆ ಹಿಂದೆ ಸುತ್ತುತ್ತಿದ್ದರು. ಕೊನೆಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ನಾವೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು. ಅಂದಮೇಲೆ ದೃಷ್ಟಿಯಲ್ಲ. ಹಾಗೆ ಶಾಸ್ತ್ರೋಕ್ತವಾಗಿ ಖಾತ್ರಿಯಾದ ಮೇಲೆಯೇ ಅವಳನ್ನು ಕೋಲಾರದ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಮನೆಯವರು ಒಪ್ಪಿದ್ದು. ಜೊತೆಗೆ ಹೋದವನು ನಾನು.

"ಏನು ತೊಂದರೆ?" ಅಂದರು ಡಾಕ್ಟರಮ್ಮ.

"ಏನಿಲ್ಲ ಮೇಡಂ, ಸ್ವಲ್ಪ ಸುಸ್ತು."

"ಊಟ?"

"ಮಾಡ್ತೀನಿ."

ಇಡೀ ಭೂಮಿಯ ಪರವಾಗಿ ವಾದಿಸುವವಳು ತನ್ನ ಪರವಾಗಿ ಇಷ್ಟೇ ಮಾತಾಡಿದಳು. ನನಗೆ ತಡೆಯಲಾಗಲಿಲ್ಲ. "ಮೇಡಂ, ನಾನು ಮಾಡಿ ತೋರಿಸ್ಲಾ?" ಅಂದೆ.

"ಪೇಷೆಂಟು ನೀವಾ, ಅವರಾ?"

"ಅವರೇ. ಆದ್ರೆ ಅವರಿಗಿಂತ ನಾನು ಚೆನ್ನಾಗಿ ಮಾಡ್ತೀನಿ."

ಮೇಜಿನ ಮೇಲೆ ತಟ್ಟೆಯಿದೆ ಅಂದುಕೊಂಡು ಕೂತೆ. ಮುದ್ದೆ ಮುರಿದೆ, ಅದ್ದಿದೆ, ಬಾಯಿ ಹತ್ತಿರ ತಂದು ನಿಲ್ಲಿಸಿದೆ. ಯಾರೂ ಕೇಳದ ಹಾಗೆ ಅವಳು ಬಿಡುವ ಉಸಿರು ಬಿಟ್ಟು "ಇದು ಯಾರ ಪಾಲೋ" ಅಂದೆ. ಕಣ್ಣನ್ನು ಅವಳ ಹಾಗೇ ತಟ್ಟೆಯ ಅಂಚಿಗೆ ನೆಟ್ಟೆ. ನನ್ನ ಜನ್ಮದಲ್ಲಿ ಒಬ್ಬರೂ ನಗದ ಮಿಮಿಕ್ರಿ ಅದೊಂದೇ.

ಶೈಲಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. "ನಾನು ಹಿಂಗೆ ಮಾಡ್ತೀನೇನೋ?"

"ದಿನಾ ಅಕ್ಕ."

ಆಗ ಬಾಯಿಬಿಟ್ಟಳು. "ತಿಂದ್ರೆ ಕದ್ದಂಗಾಗತ್ತೆ ಮೇಡಂ. ಎಷ್ಟು ಮಾಡಿದ್ರೂ ಮುಗಿಯಲ್ಲ. ಸುಮ್ನೆ ಕೂತ್ರೆ ಎದೆ ಹೊಡ್ಕೊಳತ್ತೆ." ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಇದು ಕಾಯಿಲೆ, ವಾಸಿಯಾಗುತ್ತೆ ಅಂದರು. ಮಾತ್ರೆ ಬರೆದರು, ವಾರವಾರ ಬಂದು ಮಾತಾಡಬೇಕು, ಸ್ವಲ್ಪ ದಿನ ರಜೆ ಹಾಕಬೇಕು ಅಂದರು.

ಮನೆಗೆ ಬಂದು ರಜೆ ಅಂದದ್ದೇ ತಡ, ದೊಡ್ಡಪ್ಪ ಅದನ್ನು ರಾಜೀನಾಮೆಗೆ ಏರಿಸಿದರು. "ಸಾಕು ಬಿಟ್ಬಿಡಮ್ಮ. ಲೋಕ ಉದ್ಧಾರ ಮಾಡೋಕೆ ಹೋಗಿ ನೀನೇ ಹಾಳಾದೆ."

ಶೈಲಕ್ಕ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಲ್ಲುವ ಶಕ್ತಿ ಇರಲಿಲ್ಲ, ದನಿ ಮಾತ್ರ ಎದ್ದಿತು. "ಅಪ್ಪ, ಟೊಮೇಟೊ ಕ್ರೇಟ್ ಎತ್ತಿ ನಿನ್ನ ಸೊಂಟ ಹಿಡ್ಕೊಂಡಿತ್ತಲ್ಲ. ಎಣ್ಣೆ ತಿಕ್ಕಿಸ್ಕೊಂಡೆ, ಮಲಗಿದ್ದೆ, ಎದ್ದು ಮತ್ತೆ ತೋಟಕ್ಕೆ ಹೋದೆ. ಟೊಮೇಟೊ ಬೆಳೆಯೋದೇ ತಪ್ಪು ಅಂತ ಯಾರಾದ್ರೂ ಅಂದ್ರಾ?"

"ಅದು ಸೊಂಟ ಕಣಮ್ಮ."

"ಇದು ಮನಸ್ಸು ಕಣಪ್ಪ. ಇದೂ ಭಾರ ಎತ್ತಿನೇ ಹಿಡ್ಕೊಂಡಿರೋದು. ನಂಗೆ ಹುಷಾರಿಲ್ಲ, ವಾಸಿ ಮಾಡ್ಕೋತೀನಿ. ಎತ್ತೋದು ಮಾತ್ರ ಬಿಡಲ್ಲ. ಎಲ್ಲಾನೂ ಒಬ್ಳೇ ಎತ್ತಲ್ಲ, ಅಷ್ಟೆ."

ದೊಡ್ಡಪ್ಪ ಸೊಂಟ ಮುಟ್ಟಿ ನೋಡಿಕೊಂಡರು.

ಅವತ್ತಿನಿಂದ "ನಿನಗ್ಯಾಕೆ ಊರ ಉಸಾಬರಿ" ಅನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಅವಳದು ಕಾಯಿಲೆಯೇ, ಇಲ್ಲ ಅನ್ನುವುದಿಲ್ಲ, ನಾನೇ ಅಭಿನಯಿಸಿ ಸಾಬೀತು ಮಾಡಿದವನು. ಆದರೆ ಕೊಳೆತ ರಾಶಿ ಕಂಡರೆ ಕರ್ಚೀಫು ಹಿಡಿದು ಕೂರುವ ನಾವು ಗಟ್ಟಿಮುಟ್ಟಾಗಿದ್ದೇವೆ ಅಂತ ಯಾವ ಡಾಕ್ಟರು ಬರೆದುಕೊಟ್ಟಿದ್ದಾರೆ, ಹೇಳಿ?

ವಾಸಿಯಾಗಲು ನಿಧಾನವೇ ಆಯಿತು. ಈಗಲೂ ಕೆಲವು ದಿನ ಅವಳ ಕೈ ಬಾಯಿ ಹತ್ತಿರ ಬಂದು ತಡೆಯುತ್ತದೆ. ಭೂಮಂಡಲವನ್ನು ಮೀಟಿಂಗಿನ ನಾಲ್ಕು ಜನಕ್ಕೆ ಹಂಚಿ, ಕೋಲಾರ ಮಾತ್ರ ತಾನು ಇಟ್ಟುಕೊಂಡಿದ್ದಾಳೆ. ಸಾಯಂಕಾಲವಾದರೆ ಲ್ಯಾಪ್‌ಟಾಪು ಮುಚ್ಚುತ್ತಾಳೆ. ಗಾಡಿಗೆ ತರಕಾರಿ ತುಂಬಲು ನನ್ನನ್ನೂ ಎಳೆದುಕೊಂಡಿದ್ದಾಳೆ. ನನ್ನ ಕಲೆಗಿಂತ ನನ್ನ ತೋಳಿಗೆ ಬೆಲೆ ಬಂದಿರುವುದು ಬೇಸರದ ಸಂಗತಿ.

ಇವತ್ತು ಬಸ್ಸಿಳಿದು ನೇರ ಅವರ ಮನೆಗೇ ಊಟಕ್ಕೆ ಹೋದೆ. ಶೈಲಕ್ಕನ ಎದುರು ಕೂತು, ಮಿಮಿಕ್ರಿಗೆ ಏನಾದರೂ ಹೊಸದು ಸಿಗುತ್ತದೇನೋ ಅಂತ ನೋಡಿದೆ. ಏನೂ ಸಿಗಲಿಲ್ಲ. ಮುರಿದಳು, ಅದ್ದಿದಳು, ನುಂಗಿದಳು, ಎಲ್ಲರ ಹಾಗೆ.

ದೊಡ್ಡಪ್ಪ ಕೆಣಕಿದರು: "ಏನಮ್ಮ, ಇಷ್ಟೆಲ್ಲ ಒದ್ದಾಡಿದೆಯಲ್ಲ, ಲೋಕದ ಹಸಿವು ತೀರಿತಾ?"

"ತೀರಿಲ್ಲಪ್ಪ" ಅಂದಳು. ತಟ್ಟೆಯನ್ನು ದೊಡ್ಡಮ್ಮನ ಕಡೆ ಚಾಚಿದಳು. "ಅಮ್ಮ, ಇನ್ನರ್ಧ ಮುದ್ದೆ ಹಾಕು."