ಕುರಿಗಳ ಹೆಸರು ಕರೆದವರು ಯಾರು?

ಇದನ್ನು ಕಟ್ಟುಕತೆ ಎಂದುಕೊಂಡರೆ ನನಗೇನೂ ಬೇಸರವಿಲ್ಲ. ಹಾಗೆಂದುಕೊಂಡು ನಿದ್ದೆ ಮಾಡುವ ಆಸೆ ನನಗೂ ಇದೆ. ಆದರೆ ಇದು ನಮ್ಮ ಮನೆಯಲ್ಲೇ ನಡೆದದ್ದು. ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿನಲ್ಲಿ, ಕಳೆದ ಜನವರಿಯಲ್ಲಿ.

ಅದಕ್ಕೆ ಒಂದು ವರ್ಷ ಮುಂಚೆ ನಾನೂ ನನ್ನ ಗಂಡ ಪ್ರಶಾಂತನೂ ಲಡಾಖಿಗೆ ಹೋಗಿದ್ದೆವು. ಏಳು ವರ್ಷದ ಮಗಳು ಇಳಾಳನ್ನು ಅಮೆರಿಕದಲ್ಲೇ, ರಾಲಿಯ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆವು. ಲಡಾಖಿನ ಹಳ್ಳಿಗರು ಹಿಮಚಿರತೆ ನೋಡಲು ಬರುವವರನ್ನು ತಮ್ಮ ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. ನಾವು ಉಳಿದದ್ದು ಒಬ್ಬ ಮುದುಕಿಯ ಮನೆಯಲ್ಲಿ. ಎಲ್ಲರೂ ಅವರನ್ನು ಅಮ-ಲೆ ಎನ್ನುತ್ತಿದ್ದರು. ಅಮ್ಮ ಎಂದು ಅರ್ಥವಂತೆ. ಮನೆಗೆ ತಾಗಿಕೊಂಡೇ ಕಲ್ಲಿನ ಕುರಿದೊಡ್ಡಿ. ಅದರ ಚಾವಣಿಯ ಕಿಂಡಿಗೆ ಚಿರತೆ ಇಳಿಯದಂತೆ ತಂತಿಬಲೆ ಬಿಗಿದಿದ್ದರು.

ಒಂಬತ್ತು ದಿನ ಕಾದರೂ ಚಿರತೆ ಕಾಣಲಿಲ್ಲ. ಕೊನೆಯ ರಾತ್ರಿ ಎಚ್ಚರವಾದಾಗ ಪ್ರಶಾಂತ ಪಕ್ಕದಲ್ಲಿರಲಿಲ್ಲ. ಕಿಟಕಿಯಿಂದ ನೋಡಿದೆ... ದೊಡ್ಡಿಯ ಮೇಲೆ ಕೂತು ಇಕ್ಕಳದಿಂದ ಬಲೆಯ ಮೂಲೆ ಕತ್ತರಿಸುತ್ತಿದ್ದ.

"ಏನ್ ಮಾಡ್ತಿದ್ದೆ ಅಲ್ಲಿ?" ಒಳಗೆ ಬಂದವನನ್ನು ಪಿಸುದನಿಯಲ್ಲಿ ಕೇಳಿದೆ.

"ಕುರಿ ವಾಸನೆಗೆ ಚಿರತೆ ಹತ್ರ ಬರುತ್ತೆ, ಅಷ್ಟೇ. ಒಳಗೆಲ್ಲ ಇಳಿಯಲ್ಲ. ಒಂದು ಫೋಟೋ ಸಿಕ್ರೆ ಸಾಕು. ಸುಮ್ನೆ ಮಲಕ್ಕೋ."

ನಾನು ಸುಮ್ಮನೆ ಮಲಗಿದೆ.

ಅದು ಇಳಿಯಿತು. ಮೊದಲು ಕೊರಳಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ಆಮೇಲೆ ಒಂದೊಂದೇ ನಿಂತವು. ಕೊನೆಯದು ನಿಲ್ಲಲು ಬಹಳ ಹೊತ್ತು ಹಿಡಿಯಿತು...

ಬೆಳಿಗ್ಗೆ ಸುತ್ತ ಜನ ಕಲ್ಲು ಹಿಡಿದು ನಿಂತಿದ್ದರು. ಹತ್ತೂ ಕುರಿಗಳು ಸತ್ತಿದ್ದವು. ಹೊರಬರಲಾಗದ ಚಿರತೆ ಮೂಲೆಯಲ್ಲಿ ಮುದುರಿತ್ತು. ಅಮ-ಲೆ ಯಾರನ್ನೂ ಕಲ್ಲೆತ್ತಲು ಬಿಡಲಿಲ್ಲ. ತಾವೇ ಬಾಗಿಲು ತೆಗೆದರು. ಚಿರತೆ ಬೆಟ್ಟಕ್ಕೆ ಓಡಿತು. ಪ್ರಶಾಂತ ಕ್ಯಾಮೆರಾ ಹಿಡಿದು ಅದರ ಹಿಂದೆ ಓಡಿದ.

ಹಾಗಾಗಿ ಮುಂದಿನದನ್ನು ಅವನು ನೋಡಲಿಲ್ಲ, ಕೇಳಲೂ ಇಲ್ಲ. ಅಮ-ಲೆ ಒಂದೊಂದು ಕುರಿಯ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಅದರ ಹೆಸರು ಹಿಡಿದು ಕರೆದರು. ಕರ್ಮೊ... ನಗ್ಮೊ... ಹೀಗೆ ಹತ್ತು ಹೆಸರು. ನಂತರ ಮೇಲೆ ಹತ್ತಿ ತುಂಡಾದ ತಂತಿಯ ಮೇಲೆ ಬೆರಳಾಡಿಸಿದರು. ನನ್ನನ್ನು ನೋಡಿದರು. ಒಳಗೆ ಹೋಗಿ ನನಗೆ ಬೆಣ್ಣೆ ಚಹಾ ತಂದುಕೊಟ್ಟರು. ನಾನು ಕುಡಿದೆ.

ಚಿರತೆಯ ಫೋಟೋ ನಮ್ಮ ಲಿವಿಂಗ್ ರೂಮಿನ ಗೋಡೆಗೇರಿತು. ಬಂದವರೆಲ್ಲ ಹೊಗಳಿದರು.

ಆ ಜನವರಿಯ ರಾತ್ರಿ ಹಿಮ ಬಿದ್ದು ಕರೆಂಟು ಹೋಗಿತ್ತು. ಬೆಳಕು ಹರಿಯಲು ಇನ್ನೂ ಹೊತ್ತಿತ್ತು. ಮೂಗಿಗೆ ಅಮ-ಲೆಯ ಒಲೆಯದೇ ಬೆರಣಿ ಹೊಗೆ ಬಡಿದು ಎಚ್ಚರವಾಯಿತು. ಹಾಸಿಗೆಯಲ್ಲಿ ಪ್ರಶಾಂತ ಇರಲಿಲ್ಲ. ಕೆಳಗೆ ಯಾರೋ ಹೆಂಗಸು ಮಾತಾಡುತ್ತಿದ್ದ ಹಾಗಿತ್ತು...

ಫೋನಿನ ಬೆಳಕು ಹಿಡಿದು ಇಳಿದೆ. ಹಿತ್ತಿಲ ಬಾಗಿಲು ತೆರೆದಿತ್ತು. ಹೊರಗಿನ ಮರದ ಡೆಕ್ಕಿನ ಮೇಲೆ, ಹಿಮದಲ್ಲಿ, ಪ್ರಶಾಂತ ಬರಿಗಾಲಲ್ಲಿ ಮಂಡಿಯೂರಿದ್ದ. ಕಣ್ಣುಗಳು ತೆರೆದೇ ಇದ್ದವು. ಬೆರಳುಗಳು ಗಾಳಿಯಲ್ಲಿ ಬಲೆಯಂತೆ ಏನನ್ನೋ ಹೆಣೆಯುತ್ತಿದ್ದವು. ತುದಿಗಳಿಂದ ರಕ್ತ ಹಿಮಕ್ಕೆ ತೊಟ್ಟಿಕ್ಕುತ್ತಿತ್ತು.

ಬಾಯಿ ಅವನದು. ದನಿ ಅಮ-ಲೆಯದು.

"ಕರ್ಮೊ... ನಗ್ಮೊ..."

ಅದೇ ಹತ್ತು ಹೆಸರು, ಅದೇ ಸಾಲಿನಲ್ಲಿ. ಆ ಹೆಸರುಗಳನ್ನು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಹತ್ತನೆಯದು ಮುಗಿಯಿತು. ಸ್ವಲ್ಪ ತಡೆದು, ಅಷ್ಟೇ ಅಕ್ಕರೆಯಿಂದ, ಆ ದನಿ ಇನ್ನೊಂದು ಹೆಸರು ಕರೆಯಿತು.

"ಇಳಾ..."

ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕೂಗಿಗೆ ಓಗೊಡಬಾರದು ಎಂದು ನನ್ನಜ್ಜಿ ಹೇಳುತ್ತಿದ್ದರು. ನಾನದನ್ನು ಮಗಳಿಗೆ ಕಲಿಸಿರಲಿಲ್ಲ.

ಮಹಡಿಯಿಂದ ಉತ್ತರ ಬಂತು. "ಕಮಿಂಗ್!"

ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳ ಸದ್ದು. ಓಡಿಹೋಗಿ ಅವಳನ್ನು ಬಾಚಿ ತಬ್ಬಿಕೊಂಡೆ. ಅವಳ ಮೈ ಮಂಜುಗಡ್ಡೆಯಾಗಿತ್ತು.

"ಅಮ್ಮ, ಬಿಡು! ಅಜ್ಜಿ ಈಸ್ ಕಾಲಿಂಗ್ ಮಿ," ಎಂದು ಕೊಸರಾಡಿದಳು.

ಪ್ರಶಾಂತನಿಗೆ ಆ ರಾತ್ರಿಯ ಒಂದು ಚೂರೂ ನೆನಪಿಲ್ಲ. ಬೆರಳಿಗೆ ಬ್ಯಾಂಡೇಜು ಸುತ್ತುತ್ತಿದ್ದಾಗ ಕೊನೆಗೂ ಅಂದೆ, "ಅವತ್ತು ಆ ಬಲೆ..."

"ನೀನೂ ನೋಡ್ತಿದ್ಯಲ್ಲ," ಎಂದ, ತಲೆಯೆತ್ತದೆ. "ಒಂದು ಕೂಗು ಹಾಕಿದ್ರೆ ಆಗ್ತಿತ್ತು."

ಬೆಳಗಾಗುತ್ತಲೇ ತಡೆಯಲಾರದೆ ನಮ್ಮ ಲಡಾಖಿ ಗೈಡ್ ಸ್ಟಾನ್ಜಿನ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿಬಿಡಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಮಾತ್ರ, "ಅಮ-ಲೆ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಮೇಡಂ," ಎಂದ ಹಿಂದಿಯಲ್ಲಿ. "ಮತ್ತೆ ಕುರಿ ಸಾಕಲಿಲ್ಲ. ಆದರೂ ದಿನಾ ಸಂಜೆ ಖಾಲಿ ದೊಡ್ಡಿಯ ಬಾಗಿಲಲ್ಲಿ ನಿಂತು ಹೆಸರು ಕರೀತಾರೆ. ಬಾಗಿಲು ಹಾಕಿ ಅಂದ್ರೆ ಕೇಳಲ್ಲ."

"ಯಾಕೆ?"

"ಹತ್ತೂ ಒಳಗೆ ಬಂದಿವೆಯಂತೆ. ಒಂದು ಮರಿ ಮಾತ್ರ ಇನ್ನೂ ಬರಬೇಕಂತೆ."

ನಾನು ಫೋನ್ ಇಟ್ಟೆ. ಸತ್ಯ ಇವತ್ತಿಗೂ ಹೇಳಿಲ್ಲ. ಇಳಾ ಈಗ ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಅವಳ ಮುಂಗೈಯನ್ನು ನನ್ನ ಸೆರಗಿಗೆ ಕಟ್ಟಿಕೊಳ್ಳಲೆಂದೇ ರಾತ್ರಿ ಸೀರೆ ಉಡುತ್ತೇನೆ. ನಿನ್ನೆ ಬೆಳಿಗ್ಗೆ ಎದ್ದಾಗ ಅವಳು ಪಕ್ಕದಲ್ಲೇ ಇದ್ದಳು, ಗಂಟು ಮಾತ್ರ ಬಿಚ್ಚಿತ್ತು...